ಮುದುಕಿಯ ಕನ್ನಡಕ ಎಲ್ಲಿ ಹೋಯಿತು?

ಅರವತ್ತಕ್ಕೆ ಅರಳುಮರಳು ಅಂತ ನಮ್ಮಲ್ಲೊಂದು ಮಾತಿದೆಯಲ್ಲ, ಅದರಷ್ಟು ಅನುಕೂಲದ ಗಾದೆ ಇನ್ನೊಂದಿಲ್ಲ. ಅಜ್ಜಿ ಊಟ ಸೇರಲಿಲ್ಲ ಅಂದರೆ ಅರಳುಮರಳು. ಪೆನ್ಷನ್ ದುಡ್ಡು ಯಾರೋ ತಗೊಂಡ್ರು ಅಂದರೆ ಅರಳುಮರಳು. ನನ್ನನ್ನು ಯಾರೂ ಮಾತಾಡಿಸೋದಿಲ್ಲ ಅಂದರಂತೂ ಕೇಳೋದೇ ಬೇಡ. ಒಂದು ಸಲ ಈ ಹಣೆಪಟ್ಟಿ ಅಂಟಿತು ಅಂದರೆ ಆಮೇಲೆ ಅವರು ಹೇಳಿದ ಯಾವ ಮಾತಿಗೂ ಸಾಕ್ಷಿಯ ಬೆಲೆ ಇರೋದಿಲ್ಲ.

ಇದು ನಮ್ಮ ಮನೆಗಳ ಕಥೆ ಮಾತ್ರ ಅಂದುಕೊಂಡಿದ್ದೆ. ಇಂಗ್ಲೆಂಡಿನಲ್ಲಿ ಒಂದು ಇಡೀ ಸರಕಾರ, ಅದರ ಆರೋಗ್ಯ ಇಲಾಖೆ, ಅದರ ದೊಡ್ಡ ದೊಡ್ಡ ವಕೀಲರು ಎಲ್ಲ ಸೇರಿ ಇದೇ ಗಾದೆಯನ್ನು ಬೇರೆ ಮಾತಿನಲ್ಲಿ ಹೇಳಿದ್ದರು ಅಂತ ಗೊತ್ತಾದದ್ದು ಇತ್ತೀಚೆಗೆ. ಅದನ್ನು ಎದುರಿಸಿದ್ದು ಒಬ್ಬ ಹೆಂಗಸು, ಒಂದು ಡೈರಿ ಇಟ್ಟುಕೊಂಡು. ಆ ಕಥೆ ಬರೀತೀನಿ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಂದುಕೊಂಡು ಕೂತುಕೊಳ್ಳಿ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಂಗ್ಲೆಂಡಿನಲ್ಲಿ 1834ರ ಹೊಸ ಬಡವರ ಕಾನೂನಿನ ನಂತರ ಊರೂರಿಗೆ ವರ್ಕ್‌ಹೌಸ್‌ಗಳು ಎದ್ದವು. ಗತಿಯಿಲ್ಲದವರು ಅಲ್ಲಿ ಸೇರಿ, ಹೇಳಿದ ಕೆಲಸ ಮಾಡಿ, ಕೊಟ್ಟದ್ದು ತಿಂದು ಇರಬೇಕು. ಒಳಗಿನ ಬದುಕು ಹೊರಗಿನ ಕಡು ಬಡವನ ಬದುಕಿಗಿಂತ ಒಂದು ಕೈ ಕೆಟ್ಟದಾಗಿರಬೇಕು ಅನ್ನೋದೇ ಅದರ ತತ್ವ. ಇಲ್ಲದಿದ್ದರೆ ಎಲ್ಲರೂ ಬಂದು ಬಿಟ್ಟಿ ಊಟಕ್ಕೆ ಕೂತುಬಿಡ್ತಾರೆ ಅಂತ! ಕಾಲ ಕಳೆದಂತೆ ಗಟ್ಟಿಮುಟ್ಟಾದವರು ಹೇಗೋ ಹೊರಗೆ ದಾರಿ ಹುಡುಕಿಕೊಂಡರು. ಒಳಗೆ ಉಳಿದವರಲ್ಲಿ ಮುದುಕರು, ಕಾಯಿಲೆಯವರು ಹೆಚ್ಚಾದರು. 1909ರ ಜನವರಿ 1ರಿಂದ ಎಪ್ಪತ್ತು ದಾಟಿದ ಬಡವರಿಗೆ ವಾರಕ್ಕೆ 5 ಶಿಲ್ಲಿಂಗ್ ಪಿಂಚಣಿ ಪೋಸ್ಟ್ ಆಫೀಸಿನಲ್ಲಿ ಕೊಡೋದಕ್ಕೆ ಶುರು ಮಾಡಿದಾಗ ವರ್ಕ್‌ಹೌಸಿಗೆ ಹೋಗೋದು ಕೆಲವರಿಗಾದರೂ ತಪ್ಪಿತು. ಆದರೆ ಪಾರ್ಶ್ವವಾಯು ಹೊಡೆದು ಮಲಗಿದವರಿಗೆ, ನೋಡಿಕೊಳ್ಳೋರು ಯಾರೂ ಇಲ್ಲದವರಿಗೆ 5 ಶಿಲ್ಲಿಂಗ್ ಇಟ್ಟುಕೊಂಡು ಏನು ಪ್ರಯೋಜನ?

1930ರಲ್ಲಿ ಈ ವರ್ಕ್‌ಹೌಸ್‌ಗಳನ್ನು ಸ್ಥಳೀಯ ಕೌನ್ಸಿಲ್‌ಗಳ ಕೈಗೆ ಒಪ್ಪಿಸಿದರು. ಬೋರ್ಡು ಬದಲಾಯಿತು, ಗೋಡೆ ಅದೇ. ಲಂಡನ್ನಿನ ಪಶ್ಚಿಮಕ್ಕೆ ಐಲ್‌ವರ್ತ್ ಅನ್ನೋ ಕಡೆ ವೆಸ್ಟ್ ಮಿಡಲ್‌ಸೆಕ್ಸ್ ಆಸ್ಪತ್ರೆಗೆ 1935ರಲ್ಲಿ ಪಕ್ಕದ ವರ್ಕ್‌ಹೌಸಿನ ರೋಗಿಗಳನ್ನೂ ಸೇರಿಸಿದಾಗ, ಅವರನ್ನು ನೋಡಿಕೊಳ್ಳುವ ಹೊಣೆ ಡಾ. ಮಾರ್ಜರಿ ವಾರೆನ್ ಅನ್ನೋ ಸರ್ಜನ್ ಮೇಲೆ ಬಿತ್ತು. ವರ್ಷಗಟ್ಟಲೆ ಹಾಸಿಗೆಯಲ್ಲೇ ಇದ್ದ 714 ಜನ. ಯಾರಿಗೆ ಏನು ಕಾಯಿಲೆ ಅಂತ ಸರಿಯಾದ ದಾಖಲೆ ಇಲ್ಲ. ಬುದ್ಧಿ ಮಂದವಾದವರು, ಕಾಲು ಮುರಿದವರು, ಹೃದಯದ ತೊಂದರೆಯವರು, ಸುಮ್ಮನೆ ಮನೆಯಿಲ್ಲದವರು ಎಲ್ಲ ಒಂದೇ ವಾರ್ಡಿನಲ್ಲಿ.

ವಾರೆನ್ ಮಾಡಿದ್ದು ಕೇಳಿದರೆ ನಗು ಬರುತ್ತೆ. ಒಬ್ಬೊಬ್ಬರನ್ನೇ ಪರೀಕ್ಷೆ ಮಾಡಿದರು. ಅಷ್ಟೇ! ಡಾಕ್ಟರಾದವರು ರೋಗಿಯನ್ನು ಪರೀಕ್ಷೆ ಮಾಡೋದು ಒಂದು ಕ್ರಾಂತಿಯೇ ಅಂತ ನೀವು ಕೇಳಬಹುದು. ಅಲ್ಲಿ ಆಗಿತ್ತು. ಪರೀಕ್ಷೆ ಮಾಡಿದಾಗ ಗೊತ್ತಾಗಿದ್ದೇನು ಅಂದರೆ, ಎಷ್ಟೋ ಜನ ಏಳಲಾರದೆ ಮಲಗಿದ್ದಲ್ಲ, ಮಲಗಿಸಿದ್ದರಿಂದಲೇ ಏಳಲಾರದಂತಾಗಿದ್ದರು. ಕೀಲು ಬಿಗಿದು, ಸ್ನಾಯು ಸೊರಗಿ, ಬೆನ್ನಲ್ಲಿ ಹುಣ್ಣಾಗಿ. ಅವರು ಜನರನ್ನು ಎಬ್ಬಿಸಿ ಕೂರಿಸಿದರು, ನಡೆಸಿದರು, ವಾರ್ಡಿನ ಗೋಡೆಗೆ ತಿಳಿ ಬಣ್ಣ ಹೊಡೆಸಿದರು, ಹಿಡಿದು ನಡೆಯೋದಕ್ಕೆ ಕಂಬಿ ಹಾಕಿಸಿದರು. ಎಷ್ಟೋ ಜನ ಮನೆಗೆ ಹೋದರು. ಹಾಸಿಗೆಗಳ ಅಗತ್ಯ ಹೆಚ್ಚುಕಡಿಮೆ ಮೂರನೆಯ ಒಂದು ಭಾಗಕ್ಕೆ ಇಳಿಯಿತು. 1943ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ, 1946ರಲ್ಲಿ ಲ್ಯಾನ್ಸೆಟ್‌ನಲ್ಲಿ ಈ ಬಗ್ಗೆ ಬರೆದರು. ವೃದ್ಧರ ವೈದ್ಯ ಅನ್ನೋ ಒಂದು ಶಾಖೆಯೇ ಬ್ರಿಟನ್ನಿನಲ್ಲಿ ಬೆಳೆದದ್ದು ಇಲ್ಲಿಂದ. 1960ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು ಪಾಪ.

ಹೀಗೆ ದಾರಿ ಯಾವುದು ಅಂತ 1940ರ ದಶಕದಲ್ಲೇ ಗೊತ್ತಿತ್ತು. 1948ರ ಜುಲೈ 5ಕ್ಕೆ ರಾಷ್ಟ್ರೀಯ ಆರೋಗ್ಯ ಸೇವೆ (ಎನ್‌ಎಚ್‌ಎಸ್) ಶುರುವಾಯಿತು, ಎಲ್ಲರಿಗೂ ಉಚಿತ ಚಿಕಿತ್ಸೆ. ಅದೇ ವರ್ಷ ಇನ್ನೊಂದು ಕಾನೂನು ಬಂದು ಹಳೆಯ ಬಡವರ ಕಾನೂನನ್ನು ರದ್ದು ಮಾಡಿತು. ಕೌನ್ಸಿಲ್‌ಗಳು ವೃದ್ಧರಿಗೆ ವಸತಿ ಕೊಡಬೇಕು ಅಂತ ಆಯಿತು. ಚಿಕ್ಕ ಚಿಕ್ಕ, ಹೋಟೆಲಿನ ಹಾಗಿರೋ ಮನೆಗಳು ಬರುತ್ತವೆ ಅಂತ ಮಂತ್ರಿಗಳು ಭರವಸೆ ಕೊಟ್ಟರು.

ಬಂದವಾ? ಅದನ್ನು ನೋಡೋಕೆ ಹೋದವರು ಪೀಟರ್ ಟೌನ್‌ಸೆಂಡ್ ಅನ್ನೋ ಸಮಾಜಶಾಸ್ತ್ರಜ್ಞ.

ಈ ಮನುಷ್ಯನ ಕೆಲಸ ನನಗೆ ಬಹಳ ಇಷ್ಟ ಆಯಿತು, ಅದಕ್ಕೇ ಎರಡು ಮಾತು ಹೆಚ್ಚು. 1958-59ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 173 ವೃದ್ಧರ ವಸತಿಗಳಿಗೆ ಭೇಟಿ ಕೊಟ್ಟು ಅಧ್ಯಯನ ಮಾಡಿದರು. 39 ಹಳೆಯ ವರ್ಕ್‌ಹೌಸ್‌ಗಳು, ಉಳಿದವು ಕೌನ್ಸಿಲಿನ ಬೇರೆ ಮನೆಗಳು, ಧರ್ಮಸಂಸ್ಥೆಗಳವು, ಖಾಸಗಿಯವು. ಹೋಗಿ ವಾರ್ಡನ್ ಕೊಟ್ಟ ಟೀ ಕುಡಿದು ಬಂದವರಲ್ಲ. ಅಳತೆ ಮಾಡಿದರು. ಒಂದು ಕೋಣೆಯಲ್ಲಿ ಎಷ್ಟು ಮಂಚ, ಮಂಚದ ಪಕ್ಕ ಒಂದು ಕಪಾಟಾದರೂ ಇದೆಯಾ, ಕಕ್ಕಸು ಎಷ್ಟು ದೂರ. ಫೋಟೋ ತೆಗೆದರು. ಮ್ಯಾಂಚೆಸ್ಟರಿನ ಒಂದು ಹಳೆಯ ವರ್ಕ್‌ಹೌಸಿನಲ್ಲಿ ಸ್ವತಃ ಕೆಲಸಕ್ಕೆ ಸೇರಿ ಮುದುಕರಿಗೆ ಸ್ನಾನ ಮಾಡಿಸಿದರು. 1962ರಲ್ಲಿ 'ದಿ ಲಾಸ್ಟ್ ರೆಫ್ಯೂಜ್' ಅಂತ ಪುಸ್ತಕ ಬಂತು. ವರ್ಕ್‌ಹೌಸ್ ಹೋಯಿತು ಅಂತ ಹೇಳಿ ಹನ್ನೆರಡು ವರ್ಷ ಆದ ಮೇಲೂ ಕೌನ್ಸಿಲ್‌ಗಳು ವೃದ್ಧರಿಗೆ ಕೊಟ್ಟಿದ್ದ ವಸತಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅದೇ ಹಳೆಯ ವರ್ಕ್‌ಹೌಸ್ ಕಟ್ಟಡಗಳಲ್ಲೇ ಇತ್ತು ಅಂತ ಲೆಕ್ಕ ಹಾಕಿ ತೋರಿಸಿದರು. ಟೌನ್‌ಸೆಂಡ್ ಅಲ್ಲಿಗೇ ನಿಲ್ಲಲಿಲ್ಲ. ಹೀಗೆ ಗುಂಪಾಗಿ ಕೂಡಿಹಾಕುವ ವಸತಿಯೇ ಬೇಡ, ಅವರವರ ಮನೆಯಲ್ಲೇ ಇರೋದಕ್ಕೆ ಸಹಾಯ ಕೊಡಿ ಅಂದರು. ಇದು ಈಗ ಎಲ್ಲ ದೇಶದ ನೀತಿ ಪತ್ರಗಳಲ್ಲೂ ಇರೋ ಮಾತು, ಆಗ ಹೊಸದು. (ಸುಮಾರು 2005ರ ಹೊತ್ತಿಗೆ ಬೇರೆ ಸಂಶೋಧಕರು ಅದೇ 173 ಜಾಗ ಏನಾಯಿತು ಅಂತ ಹುಡುಕಿದರು. ಹುಡುಕೋಕೆ ಸಹಾಯ ಮಾಡಿದ ಸ್ವಯಂಸೇವಕರಲ್ಲಿ ಬಹಳಷ್ಟು ಜನ ಸ್ವತಃ ವಯಸ್ಸಾದವರೇ!)

ಆದರೆ ಟೌನ್‌ಸೆಂಡ್ ನೋಡಿದ್ದು ವಸತಿಗಳನ್ನು. ಇನ್ನೊಂದು ಕಡೆ ಮುದುಕರನ್ನು ತುಂಬಿದ್ದರು, ಅದು ಹುಚ್ಚಾಸ್ಪತ್ರೆಗಳು. ಈ ಪದ ಬಳಸಬಾರದು, ಗೊತ್ತು. ಆದರೆ ವಿಕ್ಟೋರಿಯಾ ಕಾಲದಲ್ಲಿ ಕಟ್ಟಿದ ಆ ಮಹಾ ಕಟ್ಟಡಗಳನ್ನು ಜನ ಕರೀತಿದ್ದದ್ದು ಹಾಗೇ. ಮರೆವು ಬಂದ ಅಜ್ಜಿ, ಗಂಡ ಸತ್ತ ಮೇಲೆ ಮಂಕಾದ ಅಜ್ಜಿ, ಜ್ವರದಲ್ಲಿ ಬಡಬಡಿಸಿದ ಅಜ್ಜ, ಎಲ್ಲರೂ ಅಲ್ಲಿಗೆ. ಒಳಗೆ ಹೋದವರು ಬಹಳ ಸಲ ಹೊರಗೆ ಬರ್ತಿರಲಿಲ್ಲ. ಇವರೆಲ್ಲರಿಗೂ ಇರೋದು ಒಂದೇ ಕಾಯಿಲೆಯಲ್ಲ ಅಂತ ಮಾರ್ಟಿನ್ ರಾತ್ ಅನ್ನೋ ವೈದ್ಯರು 1955ರಲ್ಲೇ ತೋರಿಸಿದ್ದರು. ಮುಪ್ಪಿನ ಖಿನ್ನತೆ ಬೇರೆ, ಡಿಮೆನ್ಷಿಯಾ ಬೇರೆ, ಮೈಯ ಕಾಯಿಲೆಯಿಂದ ಬರೋ ತಾತ್ಕಾಲಿಕ ಗೊಂದಲ ಬೇರೆ. ಖಿನ್ನತೆಗೂ ಈ ಗೊಂದಲಕ್ಕೂ ಔಷಧಿ ಇದೆ, ಗುಣ ಆಗ್ತಾರೆ. ಅಂದರೆ 'ಅರಳುಮರಳು' ಅನ್ನೋದು ಒಂದು ಕಾಯಿಲೆಯ ಹೆಸರೇ ಅಲ್ಲ. ಜರ್ನಲ್ಲಿನಲ್ಲಿ ಇದು ಅಚ್ಚಾಯಿತು. ವಾರ್ಡಿಗೆ ಇನ್ನೂ ಇಳಿದಿರಲಿಲ್ಲ.

*

ಈಗ ಬಾರ್ಬರಾ ರಾಬ್.

1912ರಲ್ಲಿ ಹುಟ್ಟಿದವರು, ಒಳ್ಳೆ ಮನೆತನ, ಮನೋಚಿಕಿತ್ಸೆಯ ತರಬೇತಿ ಆಗಿತ್ತು. ಗಂಡ ಬ್ರಯನ್ ರಾಬ್ ಚಿತ್ರಕಾರ. 1965ರ ಜನವರಿಯಲ್ಲಿ ಉತ್ತರ ಲಂಡನ್ನಿನ ಫ್ರಿಯರ್ನ್ ಆಸ್ಪತ್ರೆಗೆ ಪರಿಚಯದ ಒಬ್ಬ ವೃದ್ಧೆಯನ್ನು ನೋಡೋದಕ್ಕೆ ಹೋದರು. ಆ ವೃದ್ಧೆ ಹೊಲಿಗೆ ಮಾಡಿ ಬದುಕಿದವರು, ಕೈಯಲ್ಲಿ ಕಲೆ ಇದ್ದವರು. ಫ್ರಿಯರ್ನ್ ಅಂದರೆ 1851ರಲ್ಲಿ 'ಕೋಲ್ನಿ ಹ್ಯಾಚ್' ಅನ್ನೋ ಹೆಸರಿನಲ್ಲಿ ಶುರುವಾದ ಆಸ್ಪತ್ರೆ. ಅದರ ಒಂದು ಕಾರಿಡಾರ್ ಅರ್ಧ ಕಿಲೋಮೀಟರಿಗಿಂತ ಉದ್ದ!

ಅಲ್ಲಿ ಕಂಡದ್ದು: ವಾರ್ಡಿನ ಮುದುಕಿಯರೆಲ್ಲರ ಕೂದಲೂ ಒಂದೇ ಥರ ಮೋಟುದ್ದ ಕತ್ತರಿಸಿದೆ. ಮೈಮೇಲೆ ಆಸ್ಪತ್ರೆಯ ಬಟ್ಟೆ. ಕನ್ನಡಕ ಇಲ್ಲ, ಹಲ್ಲುಸೆಟ್ ಇಲ್ಲ, ಕಿವಿಯ ಮಷಿನ್ ಇಲ್ಲ. ಮಾಡೋಕೆ ಕೆಲಸ ಇಲ್ಲ, ನೋಡೋಕೆ ಏನೂ ಇಲ್ಲ. ಸುಮ್ಮನೆ ಕೂತಿದ್ದಾರೆ.

ಸ್ವಲ್ಪ ಯೋಚನೆ ಮಾಡಿ. ಎಪ್ಪತ್ತೈದು ವರ್ಷದ ಒಬ್ಬರ ಕನ್ನಡಕ ತೆಗೆದುಕೊಂಡರೆ ಎದುರು ಬಂದವರ ಗುರುತು ಹತ್ತೋದಿಲ್ಲ. ಕಿವಿಯ ಮಷಿನ್ ತೆಗೆದುಕೊಂಡರೆ ಕೇಳಿದ್ದಕ್ಕೆ ಏನೋ ಉತ್ತರ ಹೇಳ್ತಾರೆ. ಹಲ್ಲುಸೆಟ್ ತೆಗೆದುಕೊಂಡರೆ ಆಡಿದ ಮಾತು ಅರ್ಥ ಆಗೋದಿಲ್ಲ. ಆಮೇಲೆ ಡಾಕ್ಟರು ರೌಂಡ್ಸಿಗೆ ಬಂದು ನೋಡಿದರೆ ಏನು ಕಾಣುತ್ತೆ? ಗುರುತು ಸಿಗದ, ಮಾತು ತಪ್ಪುವ, ತೊದಲುವ ಒಬ್ಬ ಮುದುಕಿ. ಪೂರಾ ಅರಳುಮರಳು ಅಂತ ಬರೆದು ಮುಂದೆ ಹೋಗಬಹುದು. ರಾಬ್ ಮತ್ತು ಅವರ ಜೊತೆಗಾರರು ಇದಕ್ಕೆ ಕೊಟ್ಟ ಹೆಸರು 'ಸ್ಟ್ರಿಪ್ಪಿಂಗ್', ಕಳಚಿಹಾಕೋದು ಅಂತ.

ನರ್ಸುಗಳೆಲ್ಲ ರಾಕ್ಷಸರು ಅಂತಲ್ಲ. ಒಂದು ದೊಡ್ಡ ವಾರ್ಡಿಗೆ ಬೆರಳೆಣಿಕೆಯಷ್ಟು ಜನ. ಹತ್ತಾರು ಹಲ್ಲುಸೆಟ್ ತೊಳೆದು ಯಾರದು ಯಾರಿಗೆ ಅಂತ ಲೆಕ್ಕ ಇಡೋದಕ್ಕಿಂತ ಬೀಗ ಹಾಕಿಡೋದು ಸುಲಭ. ಕನ್ನಡಕ ಒಡೆದರೆ ಯಾರು ಜವಾಬ್ದಾರಿ? ತೆಗೆದಿಡಿ. ಹೀಗೆ ಒಂದೊಂದೇ ಅನುಕೂಲ ಕೂಡಿ ಕೂಡಿ ಕೊನೆಗೆ ಮನುಷ್ಯರೇ ಮಾಯ. ರಸೆಲ್ ಬಾರ್ಟನ್ ಅನ್ನೋ ಮನೋವೈದ್ಯರು 1959ರಲ್ಲೇ 'ಇನ್‌ಸ್ಟಿಟ್ಯೂಷನಲ್ ನ್ಯೂರೋಸಿಸ್' ಅಂತ ಪುಸ್ತಕ ಬರೆದು, ರೋಗಿಗಳ ಮಂಕುತನದಲ್ಲಿ ಒಂದು ಪಾಲು ಆಸ್ಪತ್ರೆಯೇ ತಂದ ಕಾಯಿಲೆ ಅಂದಿದ್ದರು. ಬಾರ್ಟನ್ ವಿದ್ಯಾರ್ಥಿಯಾಗಿದ್ದಾಗ, 1945ರಲ್ಲಿ, ನಾಜಿಗಳ ಬೆಲ್ಸನ್ ಶಿಬಿರದಲ್ಲಿ ಬದುಕುಳಿದವರ ಶುಶ್ರೂಷೆಗೆ ಹೋಗಿ ಬಂದವರು. ಅಂಥವರ ಕಣ್ಣಿಗೆ ಆಸ್ಪತ್ರೆಯ ವಾರ್ಡಿನಲ್ಲಿ ಬೇರೇನೋ ಕಂಡಿತ್ತು.

ರಾಬ್ ಮನೆಗೆ ಬಂದು ಡೈರಿ ಬರೆಯೋಕೆ ಶುರು ಮಾಡಿದರು. ಯಾವತ್ತು ಹೋದೆ, ಯಾರು ಏನಂದರು. ಮತ್ತೆ ಮತ್ತೆ ಹೋದರು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಪ್ರೊಫೆಸರ್ ಬ್ರಯನ್ ಏಬಲ್-ಸ್ಮಿತ್ ಜೊತೆಗೆ ನಿಂತರು. 1965ರಲ್ಲೇ 'ಏಜಿಸ್' ಅನ್ನೋ ಒಂದು ಚಿಕ್ಕ ಸಂಸ್ಥೆ ಹುಟ್ಟಿತು. ಸರಕಾರಿ ಸಂಸ್ಥೆಗಳಲ್ಲಿರೋ ವೃದ್ಧರಿಗೆ ನೆರವು ಅಂತ ಅದರ ಅರ್ಥ. ನವೆಂಬರ್ 10ರ 'ದಿ ಟೈಮ್ಸ್' ಪತ್ರಿಕೆಯಲ್ಲಿ ಹತ್ತು ಜನ ಸಹಿ ಹಾಕಿದ ಒಂದು ಪತ್ರ ಬಂತು. ಸಹಿ ಹಾಕಿದವರಲ್ಲಿ ಲಾರ್ಡುಗಳಿದ್ದರು, ಮಕ್ಕಳ ಪುಸ್ತಕಗಳ ಚಿತ್ರಕಾರ ಎಡ್ವರ್ಡ್ ಆರ್ಡಿಜೋನ್ ಇದ್ದರು. ಪತ್ರದಲ್ಲಿ ಅವರು ಕೇಳಿದ್ದು: ಹೀಗೆ ನಡೀತಿರೋದನ್ನು ಕಣ್ಣಾರೆ ಕಂಡವರು ನಮಗೆ ಬರೆಯಿರಿ.

ಬರೆದರು ನೋಡಿ. ನೂರಾರು ಪತ್ರ! ನರ್ಸುಗಳು, ಸಮಾಜ ಸೇವಕರು, ಮಕ್ಕಳು, ಸೊಸೆಯರು. ತಮ್ಮ ಊರಿನ ಆಸ್ಪತ್ರೆಯಲ್ಲಿ ಮಾತ್ರ ಹೀಗೆ ಅಂತ ಅಷ್ಟು ದಿನ ಅಂದುಕೊಂಡಿದ್ದವರು. ಈ ಸಾಕ್ಷ್ಯಗಳನ್ನೂ ತಮ್ಮ ಡೈರಿಯನ್ನೂ ಸೇರಿಸಿ, ಹೇಗೆ ಸರಿ ಮಾಡಬಹುದು ಅಂತ ಬಾರ್ಟನ್, ಟೋನಿ ವೈಟ್‌ಹೆಡ್‌ರಂಥ ವೈದ್ಯರ ಬರಹಗಳನ್ನೂ ಹಾಕಿ 1967ರ ಜೂನ್ 30ರಂದು ರಾಬ್ ಪುಸ್ತಕ ತಂದರು. ಹೆಸರು 'ಸಾನ್ಸ್ ಎವೆರಿಥಿಂಗ್'. ಶೇಕ್ಸ್‌ಪಿಯರನ ನಾಟಕದಲ್ಲಿ ಮನುಷ್ಯನ ಏಳು ಅವಸ್ಥೆಗಳನ್ನು ಹೇಳೋ ಭಾಷಣ ಇದೆಯಲ್ಲ, ಅದರ ಕೊನೆಯಿಂದ ತೆಗೆದದ್ದು. ಅಲ್ಲಿ ಮುಪ್ಪು ಒಂದೊಂದೇ ಇಂದ್ರಿಯ ಕಿತ್ತುಕೊಳ್ಳುತ್ತೆ. ರಾಬ್ ಪುಸ್ತಕದಲ್ಲಿ ಆ ಕೆಲಸಕ್ಕೆ ಮುಪ್ಪಿಗಿಂತ ಮೊದಲೇ ಆಸ್ಪತ್ರೆ ಹಾಜರ್.

ಸರಕಾರ ಏನು ಮಾಡಿತು? ಆಗಿನ ಆರೋಗ್ಯ ಮಂತ್ರಿ ಕೆನೆತ್ ರಾಬಿನ್ಸನ್. ಇಲ್ಲೊಂದು ತಮಾಷೆ ಇದೆ. ಇವರು ಕೆಟ್ಟ ಮಂತ್ರಿಯಲ್ಲ, ಮಾನಸಿಕ ಆರೋಗ್ಯದ ಬಗ್ಗೆ ಪಾರ್ಲಿಮೆಂಟಿನಲ್ಲಿ ಕಾಳಜಿಯಿಂದ ಮಾತಾಡಿಕೊಂಡು ಬಂದವರು. ಬಹುಶಃ ಅದಕ್ಕೇ ಅವರಿಗೆ ಇದು ತಮ್ಮ ಮೇಲಿನ ದಾಳಿ ಅನ್ನಿಸಿತೇನೋ (ಇದು ನನ್ನ ಊಹೆ ಅಷ್ಟೇ). ವಿಚಾರಣೆಗೆ ಸಮಿತಿಗಳನ್ನು ಮಾಡಿಸಿದರು. ಯಾರ ಮೂಲಕ? ಆಯಾ ಆಸ್ಪತ್ರೆಗಳನ್ನು ನಡೆಸುತ್ತಿದ್ದ ಪ್ರಾದೇಶಿಕ ಆಸ್ಪತ್ರೆ ಮಂಡಳಿಗಳ ಮೂಲಕವೇ! ಕಳ್ಳನ ಕೈಗೆ ಬೀಗದ ಕೈ ಅನ್ನೋದು ಜಾಸ್ತಿ ಆಯಿತು, ಆದರೆ ಹತ್ತಿರ ಹತ್ತಿರ ಅದೇ. 1968ರ ಜುಲೈನಲ್ಲಿ ಎಲ್ಲ ವರದಿ ಸೇರಿಸಿ ಒಂದು ಶ್ವೇತಪತ್ರ ಹೊರಡಿಸಿದರು. ಆರೋಪಗಳಲ್ಲಿ ಬಹುಪಾಲು ಆಧಾರವಿಲ್ಲದ್ದು, ಉತ್ಪ್ರೇಕ್ಷೆ, ನಂಬಲಾಗದ್ದು ಅಂತ ಅದರ ಸಾರಾಂಶ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸಮಿತಿಯ ವಕೀಲರು ಸುಳ್ಳು ಹೇಳಿದರು ಅಂತ ನಾನು ಹೇಳ್ತಿಲ್ಲ. ಕೋರ್ಟಿನ ಅಳತೆಗೋಲು ಹಿಡಿದು ನೋಡಿದರೆ ಏನಾಗುತ್ತೆ ನೋಡಿ. ಇಂಥ ದಿನ, ಇಷ್ಟು ಗಂಟೆಗೆ, ಇಂಥ ನರ್ಸ್ ಇಂಥವರಿಗೆ ಹೊಡೆದಳು ಅಂತ ಸಾಬೀತು ಮಾಡಬೇಕು. ಹೊಡೆಸಿಕೊಂಡವರಿಗೆ ದಿನ ನೆನಪಿಲ್ಲ, ಅಥವಾ ಅಷ್ಟರೊಳಗೆ ತೀರಿಕೊಂಡಿದ್ದಾರೆ. ಹೇಳಿದ ನರ್ಸು ಕೆಲಸ ಬಿಟ್ಟವಳು, 'ಅವಳಿಗೇನೋ ದ್ವೇಷ ಇತ್ತು'. ಕೆಲಸದಲ್ಲಿ ಉಳಿದವರೆಲ್ಲ ಒಂದೇ ಮಾತು, ಇಲ್ಲಿ ಎಲ್ಲ ಸರಿಯಾಗಿದೆ. ಕನ್ನಡಕ ಎಲ್ಲಿ ಅಂದರೆ, ಅವರಿಗೆ ಅದು ಬೇಕಾಗಿಲ್ಲ ಅಂತ ಉತ್ತರ. ಒಬ್ಬ ಅಪರಾಧಿಯನ್ನು ಹುಡುಕೋ ವಿಚಾರಣೆಗೆ ಇಡೀ ವಾರ್ಡಿನ ಪದ್ಧತಿ ಕಾಣೋದೇ ಇಲ್ಲ. ಟೌನ್‌ಸೆಂಡ್ ಲೆಕ್ಕ ಹಾಕಿದ್ದನ್ನು ಯಾರೂ ಸುಳ್ಳು ಅನ್ನಲಾಗಲಿಲ್ಲ, ಕಪಾಟು ಇಲ್ಲ ಅಂದರೆ ಇಲ್ಲ. ರಾಬ್ ತಂದದ್ದು ಜನರ ಮಾತು. ಮಾತನ್ನು ತಳ್ಳಿಹಾಕೋದು ಸುಲಭ.

ಆದರೆ ಅಷ್ಟರೊಳಗೆ ಇನ್ನೊಂದು ಕಡೆ ಇನ್ನೊಂದು ನಡೆದಿತ್ತು. 'ಸಾನ್ಸ್ ಎವೆರಿಥಿಂಗ್' ಬಂದು ಎರಡು ತಿಂಗಳೂ ಆಗಿರಲಿಲ್ಲ. 1967ರ ಆಗಸ್ಟ್ 20ರ 'ನ್ಯೂಸ್ ಆಫ್ ದಿ ವರ್ಲ್ಡ್'ನಲ್ಲಿ ಒಂದು ಆಸ್ಪತ್ರೆಯ ನರ್ಸಿಂಗ್ ಸಹಾಯಕನೊಬ್ಬನ ದೂರು ಅಚ್ಚಾಯಿತು. ರೋಗಿಗಳಿಗೆ ಹೊಡೀತಾರೆ, ಅವರ ಊಟ ಬಟ್ಟೆ ಕದೀತಾರೆ ಅಂತ. ಈ ಪತ್ರಿಕೆ ಎಂಥದ್ದು ಅಂತ ಗೊತ್ತಲ್ಲ, ಭಾನುವಾರ ಜನ ಸಿನೆಮಾ ನಟಿಯರ ಗುಟ್ಟು ಓದೋಕೆ ಕೊಳ್ಳುತ್ತಿದ್ದದ್ದು. 2011ರಲ್ಲಿ ಫೋನ್ ಕದ್ದು ಕೇಳಿದ ಹಗರಣದಲ್ಲಿ ಮುಚ್ಚಿಹೋಯಿತು. ಅಂಥ ಪತ್ರಿಕೆ ಇಲ್ಲಿ ಅಪರೂಪಕ್ಕೆ ಜವಾಬ್ದಾರಿಯಿಂದ ನಡೆದುಕೊಂಡು, ಆಸ್ಪತ್ರೆಯ ಹೆಸರು ಅಚ್ಚು ಹಾಕದೆ ಪೂರ್ತಿ ಹೇಳಿಕೆಯನ್ನು ಇಲಾಖೆಗೆ ಕಳಿಸಿತು. ಆಸ್ಪತ್ರೆ ವೇಲ್ಸ್‌ನ ಕಾರ್ಡಿಫ್‌ನ 'ಈಲಿ', ಮುಖ್ಯವಾಗಿ ಬುದ್ಧಿಮಾಂದ್ಯ ಇರುವವರದು. ವಿಚಾರಣೆಗೆ ನೇಮಕ ಆದವರು ಜೆಫ್ರಿ ಹೌ ಅನ್ನೋ ವಕೀಲ. ಮುಂದೆ ಮಾರ್ಗರೆಟ್ ಥ್ಯಾಚರ್ ಸರಕಾರದಲ್ಲಿ ಹಣಕಾಸು ಮಂತ್ರಿ ಆದರಲ್ಲ, ಅವರೇ.

ಹೌ ಕೆಲಸ ಮಾಡಿದ ರೀತಿ ಬೇರೆ. ಯಾರು ಹೊಡೆದರು ಅನ್ನೋದನ್ನು ನೋಡಿದ್ದಲ್ಲದೆ, ಈ ಆಸ್ಪತ್ರೆಯನ್ನು ಯಾರು ನೋಡಿಕೊಳ್ಳಬೇಕಿತ್ತು, ಅವರಿಗೆ ಏನು ಗೊತ್ತಿತ್ತು, ದೂರು ಕೊಟ್ಟವರಿಗೆ ಏನಾಯಿತು ಅಂತ ಮೇಲಿನ ಮೆಟ್ಟಿಲಿನವರೆಗೂ ಹೋದರು. ಹೆಚ್ಚಿನ ಆರೋಪಗಳು ನಿಜ ಅಂತ ಕಂಡಿತು. ಅಷ್ಟರಲ್ಲಿ ರಾಬಿನ್ಸನ್ ಹೋಗಿ, ರಿಚರ್ಡ್ ಕ್ರಾಸ್‌ಮನ್ ಮಂತ್ರಿಯಾಗಿದ್ದರು. ವರದಿಯನ್ನು ಪೂರ್ತಿ ಪ್ರಕಟಿಸಿಯೇ ಬಿಡೋಣ ಅಂತ ಕ್ರಾಸ್‌ಮನ್ ತೀರ್ಮಾನ ಮಾಡಿ 1969ರ ಮಾರ್ಚ್ 27ರಂದು ಪಾರ್ಲಿಮೆಂಟಿನ ಮುಂದೆ ಇಟ್ಟರು. ಅವರ ಸಲಹೆಗಾರರಲ್ಲಿ ಒಬ್ಬರು ಯಾರು ಗೊತ್ತಾ? ರಾಬ್ ಜೊತೆಗಿದ್ದ ಅದೇ ಬ್ರಯನ್ ಏಬಲ್-ಸ್ಮಿತ್.

ಅದೇ ವರ್ಷ 'ಹಾಸ್ಪಿಟಲ್ ಅಡ್ವೈಸರಿ ಸರ್ವಿಸ್' ಶುರುವಾಯಿತು. ದೀರ್ಘಕಾಲ ರೋಗಿಗಳು ಉಳಿಯುವ ಆಸ್ಪತ್ರೆಗಳಿಗೆ ಹೋಗಿ ನೋಡಿ ನೇರವಾಗಿ ಮಂತ್ರಿಗೆ ವರದಿ ಕೊಡುವ ತಂಡ. ಎನ್‌ಎಚ್‌ಎಸ್ ಶುರುವಾಗಿ 21 ವರ್ಷ ಆಗಿತ್ತು, ಅಲ್ಲಿಯವರೆಗೆ ಹಾಗೆ ಹೊರಗಿನಿಂದ ಬಂದು ನೋಡೋರು ಇರಲಿಲ್ಲ ಅಂದರೆ ನಂಬೋಕೆ ಕಷ್ಟ. 1972ರಲ್ಲಿ ಲ್ಯಾಂಕಾಶೈರಿನ ವಿಟಿಂಗ್‌ಹ್ಯಾಮ್ ಆಸ್ಪತ್ರೆಯ ವರದಿ ಬಂತು. ಅಲ್ಲಿ ವಿದ್ಯಾರ್ಥಿ ನರ್ಸುಗಳು ದೂರು ಹೇಳಿದಾಗ ಅದನ್ನು ಅದುಮಿಟ್ಟಿದ್ದರು. 1973ರಲ್ಲಿ ಆರೋಗ್ಯ ಸೇವೆಗೆ ಒಬ್ಬ ಒಂಬುಡ್ಸ್‌ಮನ್ ಬಂದರು. ಉತ್ಪ್ರೇಕ್ಷೆ ಅಂತ ಅನ್ನಿಸಿಕೊಂಡ ರಾಬ್ ಇದಿಷ್ಟನ್ನೂ ಕಣ್ಣಾರೆ ಕಂಡು 1976ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. 1968ರ ಶ್ವೇತಪತ್ರ ಅವರ ಮೇಲೆ ಹಾಕಿದ ಮಸಿ ಬಹಳ ಕಾಲ ಹಾಗೇ ಉಳಿಯಿತು.

ಫ್ರಿಯರ್ನ್ 1993ರಲ್ಲಿ ಮುಚ್ಚಿತು. ಆ ಕಟ್ಟಡ 'ಪ್ರಿನ್ಸೆಸ್ ಪಾರ್ಕ್ ಮ್ಯಾನರ್' ಅಂತ ಹೆಸರು ಬದಲಾಯಿಸಿಕೊಂಡು ದುಬಾರಿ ಫ್ಲ್ಯಾಟುಗಳಾಯಿತು. ಜಾಹೀರಾತಿನಲ್ಲಿ ಹಳೆಯ ಹೆಸರು ಹಾಕೋದಕ್ಕೆ ಯಾವ ಬಿಲ್ಡರಿಗೆ ಮನಸ್ಸು ಬರುತ್ತೆ ಹೇಳಿ.

*

ಇದರಲ್ಲಿ ನಮ್ಮವರ ಒಂದು ಪಾತ್ರವೂ ಇದೆ, ಅದನ್ನು ಹೇಳದೆ ಬಿಡೋಕಾಗಲ್ಲ. ವೃದ್ಧರ ವೈದ್ಯ ಅನ್ನೋದು ಬ್ರಿಟಿಷ್ ವೈದ್ಯರಿಗೆ ಬೇಡವಾದ ಕೆಲಸ. ಹೆಸರಿಲ್ಲ, ಖಾಸಗಿ ಪ್ರಾಕ್ಟೀಸಿನ ದುಡ್ಡಿಲ್ಲ, ಊರಾಚೆಯ ಹಳೇ ವರ್ಕ್‌ಹೌಸ್ ವಾರ್ಡುಗಳು. ಹೃದಯ, ಮೆದುಳು, ಸರ್ಜರಿ ಎಲ್ಲ ಅವರಿಗೆ. ಉಳಿದದ್ದು ಭಾರತ, ಪಾಕಿಸ್ತಾನ, ಶ್ರೀಲಂಕಾದಿಂದ ಹೋದ ಡಾಕ್ಟರುಗಳಿಗೆ. ಎಫ್‌ಆರ್‌ಸಿಪಿ ಕನಸು ಕಂಡು ಹೋದವರು ಮುದುಕರ ವಾರ್ಡಿನಲ್ಲಿ ನಿಂತರು, ನಿಂತು ಆ ಶಾಖೆಯನ್ನೇ ಕಟ್ಟಿದರು. ಜೋಆನಾ ಬೋರ್ನಟ್ ಮತ್ತು ಪಾರ್ವತಿ ರಘುರಾಮ್ ಅನ್ನೋ ಸಂಶೋಧಕರು ಅಂಥ ವೈದ್ಯರ ಮಾತುಗಳನ್ನು ಧ್ವನಿಮುದ್ರಣ ಮಾಡಿದ್ದಾರೆ, ಬ್ರಿಟಿಷ್ ಲೈಬ್ರರಿಯಲ್ಲಿವೆ. ಬೇಡ ಅಂತ ಬಿಟ್ಟ ರೋಗಿಗಳನ್ನು ಬೇಡ ಅಂತ ಬಿಟ್ಟ ಡಾಕ್ಟರು ನೋಡಿಕೊಂಡ ಕಥೆ. ನಿಮ್ಮ ಬಳಗದಲ್ಲಿ ಅರವತ್ತು-ಎಪ್ಪತ್ತರ ದಶಕದಲ್ಲಿ ಇಂಗ್ಲೆಂಡಿಗೆ ಹೋದ ಡಾಕ್ಟರ್ ಮಾವನೋ ದೊಡ್ಡಪ್ಪನೋ ಇದ್ದರೆ ಒಂದು ಸಲ ಕೇಳಿ ನೋಡಿ.

ಅಲ್ಲಿ ಕಲಿತು ವಾಪಸ್ ಬಂದವರಲ್ಲಿ ಡಾ. ವಿ. ಎಸ್. ನಟರಾಜನ್ ಒಬ್ಬರು. 1978ರಲ್ಲಿ ಮದರಾಸಿನ ಸರಕಾರಿ ಜನರಲ್ ಆಸ್ಪತ್ರೆಯಲ್ಲಿ ವೃದ್ಧರಿಗೇ ಅಂತ ಹೊರರೋಗಿ ವಿಭಾಗ ತೆರೆದರು. ಭಾರತದಲ್ಲಿ ಈ ಶಾಖೆ ಶುರುವಾದದ್ದೇ ಹೆಚ್ಚುಕಡಿಮೆ ಅಲ್ಲಿಂದ. ವೃದ್ಧರ ರಾಷ್ಟ್ರೀಯ ನೀತಿ ಬಂದದ್ದು 1999ರಲ್ಲಿ, ತಂದೆತಾಯಿಯರ ಪೋಷಣೆಯ ಕಾಯಿದೆ 2007ರಲ್ಲಿ. ಅದರ ಕಥೆ ಇನ್ನೊಂದು ಸಲ.

ಬ್ರಿಟನ್ನಿನಲ್ಲಿ ಆಮೇಲೆ ಎಲ್ಲ ಸರಿಹೋಯಿತಾ ಅಂದರೆ, ಗಾಸ್‌ಪೋರ್ಟ್ ಅನ್ನೋ ಕಡಲ ತೀರದ ಊರಿನ ವಾರ್ ಮೆಮೋರಿಯಲ್ ಆಸ್ಪತ್ರೆಯ ವಿಷಯ ಓದಬೇಕು. ಅಲ್ಲಿನ ವಾರ್ಡುಗಳಲ್ಲಿ ವಯಸ್ಸಾದವರಿಗೆ ಅಗತ್ಯವಿಲ್ಲದೆ ನಿದ್ದೆ ಬರಿಸುವ, ನೋವು ಮರೆಸುವ ಪ್ರಬಲ ಔಷಧ ಕೊಡ್ತಿದ್ದಾರೆ ಅಂತ ನರ್ಸುಗಳು 1991ರಲ್ಲೇ ಹೇಳಿದ್ದರು. ಅವರ ಬಾಯಿ ಮುಚ್ಚಿಸಲಾಯಿತು. 1998ರಿಂದ ಮನೆಯವರು ದೂರು ಕೊಡುತ್ತಲೇ ಬಂದರು. ಬಿಷಪ್ ಜೇಮ್ಸ್ ಜೋನ್ಸ್ ಅಧ್ಯಕ್ಷತೆಯ ತಂಡದ ವರದಿ ಬಂದದ್ದು 2018ರ ಜೂನ್‌ನಲ್ಲಿ. 1989ರಿಂದ 2000ದ ನಡುವೆ 450ಕ್ಕೂ ಹೆಚ್ಚು ಜನರ ಆಯುಸ್ಸು ಮೊಟಕಾಗಿತ್ತು ಅಂತ ಅದು ಹೇಳಿತು. ನರ್ಸುಗಳು ಮೊದಲು ಬಾಯಿಬಿಟ್ಟಾಗಿನಿಂದ 27 ವರ್ಷ.

ರಾಬ್ ಬಗ್ಗೆ ಪೂರ್ತಿ ಓದಬೇಕು ಅನ್ನಿಸಿದರೆ ಕ್ಲೇರ್ ಹಿಲ್ಟನ್ ಬರೆದ ಪುಸ್ತಕ ಇದೆ, 2017ರದ್ದು. ಲೇಖಕಿ ಸ್ವತಃ ವೃದ್ಧರ ಮನೋವೈದ್ಯೆ, ಇತಿಹಾಸಕಾರ್ತಿ. ಹಳೆಯ ಕಡತ, ಪತ್ರ, ಸಮಿತಿಗಳ ಕಾಗದ ಎಲ್ಲ ಜಾಲಾಡಿ ಬರೆದಿದ್ದಾರೆ. ಅಂತರ್ಜಾಲದಲ್ಲಿ ಪುಕ್ಕಟೆ ಇಳಿಸಿಕೊಳ್ಳಬಹುದು. 1968ರ ಸಮಿತಿಗಳು ಸಾಕ್ಷಿಗಳನ್ನು ಹೇಗೆ ಕೇಳಿದವು ಅನ್ನೋ ಭಾಗವನ್ನಂತೂ ಬಿಡಬೇಡಿ.